ಸುಂದ್ರಮ್ಮನ ಬಿಳಿ ಬೂದಿ

ಸಾಲಿಗ್ರಾಮದ ಸುಂದ್ರಮ್ಮ ಮೂವತ್ತು ವರ್ಷದಿಂದ ಚೆಲುವರಾಜುವಿನ ರೈಸ್‌ಮಿಲ್ಲಿನಲ್ಲಿ ಭತ್ತದ ಹೊಟ್ಟು ಸುಡುವ ಕೆಲಸದವಳು. ಮುಖದಲ್ಲಿ ನಗೆಯ ಸುಳಿವೇ ತೋರದೆ ಊರವರನ್ನು ಬೇಸ್ತು ಬೀಳಿಸುವುದು ಅವಳ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿರಲಿಲ್ಲ.

ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ರೂಪಶ್ರೀ ಒಂದು ದಿನ ಬೂದಿ ಕೇಳಿಕೊಂಡು ಬಂದಳು. ಅದರಿಂದ ಸಿಲಿಕಾನ್ ತೆಗೆದು ಲಿಥಿಯಂ ಬ್ಯಾಟರಿಗೆ ನ್ಯಾನೋ ಪುಡಿ ಮಾಡಬೇಕಂತೆ.

“ನ್ಯಾನೋ ಅಂದ್ರೆ ಆ ಪುಟ್ಟ ಕಾರಾ?” ಸುಂದ್ರಮ್ಮ ಕೇಳಿದಳು.

“ಅಲ್ಲಜ್ಜಿ. ಕೂದಲೆಳೆನ ಸಾವಿರ ಸಲ ಸೀಳಿದ್ರೆ ಎಷ್ಟು ಸಣ್ಣ ಆಗುತ್ತೋ ಅಷ್ಟು. ಚಾರ್ಜ್ ಮಾಡಿದಾಗ ಸಿಲಿಕಾನ್ ಉಬ್ಬುತ್ತೆ. ದಪ್ಪ ಕಣ ಆದ್ರೆ ಒಡೆದುಹೋಗುತ್ತೆ. ಒಳಗೆ ಸಣ್ಣ ತೂತುಗಳಿದ್ರೆ ಉಬ್ಬೋಕೆ ಜಾಗ ಸಿಗುತ್ತೆ.”

“ಅಂಗನ್ನು. ನೆನೆಯಾಕೋ ಬತ್ತಾನ ಬಾಯ್ಗಂಟ ತುಂಬುದ್ರೆ ಉಬ್ಬಿ ಚೀಲ ಅರ್ದೋಯ್ತದೆ.”

ಮಿಲ್ಲಿನ ಒಲೆಯ ಬೂದಿ ಅತಿ ಶಾಖಕ್ಕೆ ಗಟ್ಟಿಯಾಗಿ ರೂಪಶ್ರೀಯ ಕೆಲಸಕ್ಕೆ ಬರಲಿಲ್ಲ. ಆಗ ಸುಂದ್ರಮ್ಮ ಮಿಲ್ಲಿನ ಹಿತ್ತಲಲ್ಲಿ ಹೊಟ್ಟು ಗುಡ್ಡೆ ಹಾಕಿ, ನಡುವೆ ತೂತಿನ ತಗಡಿನ ಕೊಳವೆ ನಿಲ್ಲಿಸಿ, ಉರಿ ಏಳದಂತೆ ತಿರುವಿಹಾಕುತ್ತ ಎರಡು ದಿನ ಸುಟ್ಟಳು. ಬಂದದ್ದು ಮೆತ್ತನೆಯ ಬಿಳಿ ಬೂದಿ.

ಬ್ಯಾಟರಿಯ ಸುದ್ದಿ ಕಿವಿಗೆ ಬಿದ್ದದ್ದೇ ಚೆಲುವರಾಜು ಗುಡ್ಡೆಗೆ ಬೇಲಿ ಕಟ್ಟಿಸಿ, “ಒಂದು ಚಿಟಿಕೆನೂ ಕೊಡಾಕಿಲ್ಲ” ಎಂದ.

ಸುಂದ್ರಮ್ಮ ಎದುರಾಡಲಿಲ್ಲ. “ನೀವೇ ಮಡಿಕ್ಕಳಿ ಸಾವ್ಕಾರ್ರೇ. ಬರಿಗಾಲಲ್ಲಿ ಮಾತ್ರ ಅತ್ರ ಓಗಬ್ಯಾಡಿ. ಬ್ಯಾಟರಿ ಬೂದಿ ಕಣ್ರೀ, ಕರೆಂಟದೆ.”

ಮಾರನೆಯ ದಿನದಿಂದ ಚೆಲುವರಾಜು ರಬ್ಬರ್ ಬೂಟು ತೊಟ್ಟು, ಬಿದಿರುಕೋಲು ಹಿಡಿದು ಬೂದಿ ಕಾಯತೊಡಗಿದ. ನಾಲ್ಕನೆಯ ದಿನ ರೂಪಶ್ರೀಯನ್ನು ಕರೆದುಕೊಂಡು ಬಂದ ಸುಂದ್ರಮ್ಮ, ಅವನ ಕಣ್ಣೆದುರೇ ಬರಿಗಾಲಲ್ಲಿ ಗುಡ್ಡೆ ಹತ್ತಿ ಚೀಲ ತುಂಬಲು ನಿಂತಳು.

“ನಿಂಗೆ ಕರೆಂಟು ವಡಿಯಾಕಿಲ್ವಾ?” ಚೆಲುವರಾಜು ಕಂಗಾಲಾಗಿ ಕೇಳಿದ.

“ಮೂವತ್ತು ವರ್ಸದ ಪರಿಚಯ. ನನ್ನ ಯಾಕೆ ವಡೀತದೆ?”

ಮೂಟೆ ಹೊರುವವರೆಲ್ಲ ಬಾಯಿಗೆ ಟವೆಲ್ ಅಡ್ಡ ಹಿಡಿದರು. ಚೆಲುವರಾಜು ಒಮ್ಮೆ ತನ್ನ ಬೂಟು ನೋಡಿಕೊಂಡ. ಆಮೇಲೆ ತಾನೂ ನಕ್ಕುಬಿಟ್ಟು, ಬಂದು ಚೀಲದ ಬಾಯಿ ಹಿಡಿದುಕೊಂಡ.

ಆ ಬೂದಿಯಿಂದಾದ ಸೆಲ್ ಇನ್ನೂರು ಸಲ ಚಾರ್ಜ್ ಮಾಡಿದರೂ ಸೊರಗಲಿಲ್ಲ. ರೂಪಶ್ರೀ ತನ್ನ ಪ್ರಬಂಧದಲ್ಲಿ ‘ಸುಂದ್ರಮ್ಮನ ವಿಧಾನ’ ಎಂದೇ ಬರೆದಳು. “ಈ ಸುಂದ್ರಮ್ಮ ಯಾವ ವಿಶ್ವವಿದ್ಯಾಲಯದವರು?” ಎಂದು ಕೇಳಿದ ಪರೀಕ್ಷಕರು, ಸಿಕ್ಕ ಉತ್ತರ ನಂಬದೆ ಸಾಲಿಗ್ರಾಮಕ್ಕೇ ಬಂದರು.

ಸುಂದ್ರಮ್ಮ ಅವರ ಕೈಗೆ ಸಲಿಕೆ ಕೊಟ್ಟಳು. “ಮೊದ್ಲು ಈ ಗುಡ್ಡೆ ತಿರುವಾಕಿ ಸ್ವಾಮಿ. ಆಮ್ಯಾಕೆ ಪ್ರಶ್ನೆ.”

ಸಂಜೆಯವರೆಗೂ ಅವರು ಸಲಿಕೆ ಕೆಳಗಿಡಲಿಲ್ಲ. ಸುಂದ್ರಮ್ಮ ನೆರಳಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡಳು.