ರಬ್ಬರ್ ತೋಟದ ತಿರುವಿನಲ್ಲಿ

ಹದಿನೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವಳು ನಾನು. ದೆವ್ವ, ಶಕುನದ ಮಾತು ಬಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳೂ ನಾನೇ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಧಾರವಾಡದಿಂದ ಕೊಚ್ಚಿಗೆ ವರ್ಗವಾಗಿ ಬಂದ ಮೇಲೆ, ನಲವತ್ತೆರಡನೇ ವಯಸ್ಸಿನಲ್ಲಿ, ನನಗೆ ಬೈಕ್ ರ‍್ಯಾಲಿಯ ಹುಚ್ಚು ಹಿಡಿಯಿತು. ನಮ್ಮಂಥ ಹವ್ಯಾಸಿಗಳಿಗೆ ನಡೆಸುವ ರ‍್ಯಾಲಿ ಚಿಕ್ಕದು. ಮೂರು ಕಿಲೋಮೀಟರ್ ಮಣ್ಣಿನ ಹಾದಿ; ಒಬ್ಬೊಬ್ಬರನ್ನೇ ಬಿಡುತ್ತಾರೆ; ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ಎರಡು ಸಲ ಓಡಿಸಬಹುದು, ಎರಡರಲ್ಲಿ ಕಡಿಮೆ ಸಮಯದ್ದು ಲೆಕ್ಕಕ್ಕೆ. ಒಂದು ವರ್ಷ ಭಾನುವಾರ ಬೆಳಿಗ್ಗೆಯೆಲ್ಲ ವಲ್ಲಾರ್ಪಾಡಂ ಕಡೆಯ ಖಾಲಿ ಜಾಗದಲ್ಲಿ ಬಿದ್ದು ಎದ್ದು ಕಲಿತೆ. ಈ ವಯಸ್ಸಿಗೆ ಇದೆಲ್ಲ ಯಾಕೆ ಎಂದವರಿಗೆ ಒಮ್ಮೆ ಗೆದ್ದು ತೋರಿಸಬೇಕೆಂಬ ಹಟ ನನಗೆ.

ತಿರುವನಂತಪುರದ ಹೊರಗೊಂದು ರಬ್ಬರ್ ತೋಟದಲ್ಲಿ ಸ್ಪರ್ಧೆ. ಬೆಳಗಿನ ಹತ್ತು ಗಂಟೆ. ಮೊದಲ ಓಟದಲ್ಲಿ, ಅರ್ಧ ದಾರಿಯ ಎಡತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಬಿದ್ದೆ. ಬೈಕು ನನ್ನ ಕಾಲಿನ ಮೇಲೆಯೇ ಬಿತ್ತು. ಎರಡು ಸಲ ಎತ್ತಲಾಗದೆ ಮೂರನೆಯ ಸಲ ಎತ್ತಿದೆ. ಕ್ಲಚ್ ಲಿವರ್ ಅರ್ಧಕ್ಕೆ ಮುರಿದಿತ್ತು. ಎಂಜಿನ್ ಚಾಲೂ ಆಗಲು ಇನ್ನಷ್ಟು ಹೊತ್ತು. ಎರಡು ನಿಮಿಷವಾದರೂ ಹೋಯಿತು, ಹೋಗಲಿ, ಮುಗಿಸಿಯೇ ತೀರುತ್ತೇನೆ ಎಂದು ಹೊರಟೆ.

ಕೊನೆಯ ಗೆರೆ ದಾಟಿದರೆ ಚಪ್ಪಾಳೆ! ಹೆಂಗಸರ ವಿಭಾಗದಲ್ಲಿ ನಾನೇ ಮೊದಲಂತೆ.

ಸಮಯ ಅಳೆಯುವ ಯಂತ್ರ ಕೆಟ್ಟಿದೆ ಎಂದೆ. ಸಮಯ ನೋಡುವವರು ತಮ್ಮ ಕೈಯಲ್ಲಿದ್ದ ಸ್ಟಾಪ್‌ವಾಚನ್ನೂ ತೋರಿಸಿದರು. ಎರಡರಲ್ಲೂ ಒಂದೇ ಲೆಕ್ಕ. ಆ ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದವರನ್ನು ಕೇಳಿದೆ.

"ಚೇಚಿ ವೀಣಿಲ್ಲಲ್ಲೋ!" ಅಕ್ಕಾ, ನೀವು ಬೀಳಲೇ ಇಲ್ಲವಲ್ಲ ಎಂದು ಅವರೇ ಗಾಬರಿಯಾದರು.

ಅವರ ಜೊತೆ ನಡೆದು ಹೋಗಿ ನೋಡಿದೆ. ಆ ಸುತ್ತಿನಲ್ಲಿ ನಾನೇ ಕೊನೆಯವಳು. ಒದ್ದೆ ಮಣ್ಣಿನಲ್ಲಿ ಜಾರಿದ ಗುರುತಾಗಲಿ ನನ್ನ ಬೂಟಿನ ಗುರುತಾಗಲಿ ಒಂದೂ ಇರಲಿಲ್ಲ.

"ಹೆದರಿಕಿಗೆ ಹಂಗ ಅನಿಸಿರತದ. ಗೆದ್ದೀಯಲ್ಲ, ಬಿಡು," ಎಂದರು, ತಿರುಗಿ ಬಂದಾಗ ಬೈಕಿನ ಬಳಿ ಕಾದಿದ್ದ ನನ್ನ ಯಜಮಾನರು.

"ಹಂಗಾದ್ರ ಈ ಲಿವರ್ ಹ್ಯಾಂಗ ಮುರೀತ್ರಿ? ಮೊಣಕಾಲು ಯಾಕ ಬಾತದ?"

ಅವರು ಬಗ್ಗಿ ಲಿವರ್ ಮುಟ್ಟಿ ನೋಡಿದರು.

ಸುಮ್ಮನಿದ್ದಿದ್ದರೆ ಬಹುಮಾನದ ಕಪ್ ನನ್ನದೇ. ಒಂದು ಗಳಿಗೆ ಆಸೆಯೂ ಆಯಿತು, ಮುಚ್ಚಿಡುವುದಿಲ್ಲ. ಆದರೆ ಒಂದು ವರ್ಷ ನಾನು ಮಣ್ಣು ತಿಂದದ್ದು ನಾನೇ ಗೆಲ್ಲುವುದಕ್ಕೆ. ಮೊದಲ ಓಟವನ್ನು ಕೈಬಿಡಿ ಎಂದು ಬರೆದುಕೊಟ್ಟೆ. ಸಂಘಟಕರು ಎರಡೆರಡು ಸಲ ಕೇಳಿದರು, ನಾನು ಬದಲಿಸಲಿಲ್ಲ. ಹೊಸ ಲಿವರ್ ಹಾಕಿಸಿ, ಮೊಣಕಾಲಿಗೆ ಪಟ್ಟಿ ಬಿಗಿದು ಮತ್ತೆ ಹೊರಟೆ. ಆ ತಿರುವನ್ನು ಹಲ್ಲು ಕಚ್ಚಿ ದಾಟಿದೆ.

ಐದನೆಯವಳಾದೆ.

ತಲೆಗೆ ಪೆಟ್ಟಾಗಿರಬಹುದೆಂದು ಡಾಕ್ಟರಿಗೂ ತೋರಿಸಿದ್ದಾಯಿತು, ಏನೂ ಇಲ್ಲವೆಂದರು. ಇಂದಿಗೂ ಎರಡನೆಯ ಓಟದ ಪ್ರತಿ ಕಲ್ಲೂ ನನಗೆ ನೆನಪಿದೆ. ಅದು ನನ್ನ ಓಟ. ಮೊದಲನೆಯದು ಯಾರದೆಂದು ಮಾತ್ರ ಗೊತ್ತಿಲ್ಲ.