ಎರಡು ಹುತ್ತಗಳ ನಡುವೆ ಅಪ್ಪ

ನಾನು ಚಿಕ್ಕವನಿದ್ದಾಗ, ಎಂಟು ವರ್ಷವೋ ಒಂಬತ್ತೋ ಈಗ ಖಚಿತವಿಲ್ಲ, ದಿಬ್ಬೂರಹಳ್ಳಿ ಕಡೆಯ ನಮ್ಮ ಮನೆಯ ಹಿಂದೆ ರೇಷ್ಮೆಹುಳು ಸಾಕುವ ಕೋಣೆಯಿತ್ತು. ಅದರ ಆ ಬದಿಗೊಂದು, ಈ ಬದಿಗೊಂದು ಗೆದ್ದಲಿನ ಹುತ್ತ.

ಮುಂಗಾರಿನ ಮಳೆ ಬಿದ್ದು ಬಿಸಿಲು ಬಂದರೆ ರೆಕ್ಕೆ ಮೂಡಿದ ಗೆದ್ದಲು ಹುತ್ತದಿಂದ ಹೊಗೆಯಂತೆ ಏಳುತ್ತಿದ್ದವು. ಅವಕ್ಕೆ ಈಸುಳ್ಳಿ ಎನ್ನುತ್ತಿದ್ದೆವು. ಅಪ್ಪ ಹುತ್ತಕ್ಕೆ ಕಂಬಳಿ ಮುಚ್ಚಿ, ಬೆಳಕು ಬರುವಷ್ಟು ಸಂದು ಬಿಟ್ಟು, ಅಲ್ಲಿ ಮಡಕೆ ಹೂತಿಡುತ್ತಿದ್ದರು. ಬೆಳಕಿನತ್ತ ಬಂದು ಮಡಕೆಗೆ ಬಿದ್ದವನ್ನು ಅಜ್ಜಿ ಹುರಿದು, ಮೊರದಲ್ಲಿ ರೆಕ್ಕೆ ಕೇರಿ, ಉಪ್ಪು ಖಾರ ಹಾಕಿ ಪುರಿಯ ಜೊತೆ ಕಲಸುತ್ತಿದ್ದಳು. ಬೆಣ್ಣೆ ಕಾಯಿಸಿದಂಥ ವಾಸನೆ. ಮೈಗೆ ಶಕ್ತಿ ಬರುತ್ತದೆ ಎಂಬುದು ಅವಳ ನಂಬಿಕೆ. ಕಾಲೇಜಿಗೆ ಹೋದ ಮೇಲೆ ನಾನು ಅನುಮಾನದಿಂದಲೇ ಹುಡುಕಿ ಓದಿದೆ. ಅಜ್ಜಿ ಹೇಳಿದ್ದು ಸುಳ್ಳಲ್ಲ. ಪ್ರೋಟೀನೂ ಇದೆ, ಕೊಬ್ಬೂ ಇದೆ.

ಆ ವರ್ಷ ಅಕ್ಕ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಕಡ್ಡಿಯಾಗಿದ್ದಳು. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಈಸುಳ್ಳಿ ಒಂದನ್ನೇ.

ಕೊನೆಗೂ ಮಳೆ ಬಂತು. ಮರುದಿನ ಬೆಳಿಗ್ಗೆ ಎರಡು ಹುತ್ತಗಳಿಂದಲೂ ಈಸುಳ್ಳಿ ಒಟ್ಟಿಗೆ ಎದ್ದವು. ಅಪ್ಪ ಕಂಬಳಿ ಹಿಡಿದು ಓಡಿದರು. ಆಗ ಅಜ್ಜಿ ಕೂಗಿದಳು, "ತಡಿಯಪ್ಪ, ನಿನ್ನ ತಮ್ಮ ಗೆದ್ದಲಿಗೆ ಔಷಧಿ ಪುಡಿ ಹಾಕಿದ್ನಲ್ಲ, ಯಾವ ಹುತ್ತಕ್ಕೆ?"

ಪುಡಿ ಹಾಕಿದ ಚಿಕ್ಕಪ್ಪ ಗೌರಿಬಿದನೂರಿಗೆ ಹೋಗಿ ವಾರವಾಗಿತ್ತು. ಹಾಕುವಾಗ ಅಲ್ಲೇ ಗೋಲಿ ಆಡುತ್ತಿದ್ದವನು ನಾನೊಬ್ಬನೇ.

"ನೋಡಿ ಹೇಳಪ್ಪ, ಯಾವ್ದು?" ಎಂದರು ಅಪ್ಪ.

ಬಲಗಡೆಯದು ಎಂದೆ. ಅಪ್ಪ ಎಡಕ್ಕೆ ಹೆಜ್ಜೆ ಇಟ್ಟ ಕೂಡಲೇ, ಅಲ್ಲ, ಪುಡಿ ಹಾಕಿದ್ದು ಎಡಗಡೆಯದಕ್ಕೇ ಇರಬೇಕು ಎಂದೆ. ಆಮೇಲೆ ಅಳು ಬಂತು. "ನೆಪ್ಪಿಲ್ಲಪ್ಪ."

"ಎಷ್ಟು ಗೋಲಿ ಗೆದ್ದೆ ಅನ್ನೋದು ಮಾತ್ರ ನೆಪ್ಪಿರ್ತದೆ ಇವ್ನಿಗೆ," ಎಂದಳು ಅಜ್ಜಿ.

ಅಕ್ಕ ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಒಂದು ಹಿಡಿ ಸಾಕಪ್ಪ," ಎಂದಳು.

ಅಪ್ಪ ಎರಡು ಹುತ್ತಗಳ ನಡುವೆ ನಿಂತೇ ಇದ್ದರು. ಹುಳುಗಳು ಅವರ ತಲೆಗೆ, ಕಂಬಳಿಗೆ ಬಡಿದು ಮೇಲೇರಿದವು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. "ಇವತ್ತು ಬೇಡ ಕಣಮ್ಮ," ಎಂದು ಅಪ್ಪ ಕಂಬಳಿ ಮಡಿಸಿದರು. ಕೆಸರು ನೀರಿನ ತುಂಬ ರೆಕ್ಕೆಗಳು.

ಕಾಗೆ, ಗೊರವಂಕಗಳು ಹೊಟ್ಟೆ ತುಂಬ ತಿಂದವು. ನಾಲ್ಕು ದಿನ ನಾನು ಸತ್ತ ಕಾಗೆ ಹುಡುಕಿದೆ. ಸಿಕ್ಕಿದ್ದರೆ ಅಪ್ಪ ಮಾಡಿದ್ದು ಸರಿ ಎಂದಾದರೂ ತಿಳಿಯುತ್ತಿತ್ತು. ಒಂದೂ ಸಿಗಲಿಲ್ಲ. ಅಕ್ಕ ಬದುಕಿಕೊಂಡಳು, ಆದರೆ ಆ ವರ್ಷ ಶಾಲೆಗೆ ಹೋಗಲಾಗಲಿಲ್ಲ. ಒಂದು ಹಿಡಿ ಹುಳು ಅದನ್ನು ಬದಲಿಸುತ್ತಿತ್ತೇ? ನನಗೆ ಗೊತ್ತಿಲ್ಲ. ಇಂದಿಗೂ ಕಣ್ಣು ಮುಚ್ಚಿದರೆ ಚಿಕ್ಕಪ್ಪನ ಕೈಯಿಂದ ಬಿಳಿ ಪುಡಿ ಉದುರುವುದು ಕಾಣುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಮಕ್ಕಳೇ, ನೀವು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಏನೇನಿದೆ, ಎಷ್ಟು ದಿನದೊಳಗೆ ತಿನ್ನಬೇಕು ಎಂದು ಜೋರಾಗಿ ಓದುತ್ತೀರಿ. ಆ ಬೆಳಿಗ್ಗೆ ಅಪ್ಪನಿಗೆ ಓದಲು ಇದ್ದದ್ದು ನನ್ನ ಮುಖ ಮಾತ್ರ. ಅವರು ಬಹಳ ಹೊತ್ತು ನೋಡಿದರು. ಅದರಲ್ಲಿ ಏನೂ ಬರೆದಿರಲಿಲ್ಲ.