ಸಿಂಚನಳಿಗಾಗಿ ಕೇಳಿದ ಹೂವು

ನನ್ನ ಮಗಳು ಸಿಂಚನಳಿಗೆ ಆರು ವರ್ಷವಾದರೂ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿತ್ತು. ಕಾಲು ಬಿಗಿದುಕೊಂಡು ತುದಿಬೆರಳ ಮೇಲೆ ನಿಲ್ಲುತ್ತಿದ್ದಳು, ಆಸರೆ ತಪ್ಪಿದರೆ ಕುಸಿಯುತ್ತಿದ್ದಳು. ಅವಳನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮೂರ ಚೌಡಮ್ಮನ ಮುಂದೆ ನಿಂತು ನಾನು ಬೇಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ತಾಯಿಯ ಹತ್ತಿರವಲ್ಲದೆ ಇನ್ಯಾರ ಹತ್ತಿರ ಆಡಲಿ?

ಹೋದ ವರ್ಷ ಕಡೂರಿನ ಫಿಸಿಯೋಥೆರಪಿ ಮೇಡಂ, "ಶನಿವಾರ ಇಂಥ ಮಕ್ಕಳಿಗೆ ಡ್ಯಾನ್ಸ್ ಶುರು ಮಾಡ್ತಿದ್ದೀವಿ, ಕರ್ಕೊಂಡ್ಬನ್ನಿ" ಎಂದರು. ಅಜ್ಜಂಪುರದಿಂದ ಬೀರೂರಿಗೆ ರೈಲು, ಅಲ್ಲಿಂದ ಕಡೂರಿಗೆ ಬಸ್ಸು. ವ್ಯಾಯಾಮವೆಂದರೆ ಅತ್ತು ರಂಪ ಮಾಡುತ್ತಿದ್ದವಳು, ನೃತ್ಯದ ಟೀಚರ್ ಕೋಲು ತಟ್ಟಿ "ತೈಯಾ ತೈ" ಎಂದರೆ ಗೋಡೆ ಹಿಡಿದು ನಗುತ್ತ ಕಾಲು ಕುಟ್ಟುತ್ತಿದ್ದಳು. "ಹಿಮ್ಮಡಿ ಕೆಳಗೆ, ಪುಟ್ಟಿ" ಎಂದು ಟೀಚರ್ ಬೇಸರವಿಲ್ಲದೆ ನೆನಪಿಸುತ್ತಿದ್ದರು.

ಒಂದು ದಿನ ಮನೆಯಲ್ಲೂ ಹಾಗೇ ಕುಣಿಯಲು ಹೋಗಿ ಬಿದ್ದು ತುಟಿ ಒಡೆದುಕೊಂಡಳು. ನಮ್ಮತ್ತೆ ಸೆರಗಿನಲ್ಲಿ ರಕ್ತ ಒರೆಸುತ್ತ ಕಿಡಿಕಾರಿದರು.

"ನಡೆಯಕ್ಕೇ ಬರಲ್ಲ, ಕುಣಿಸ್ತೀಯಲ್ಲೇ. ಊರೋರು ನಗ್ಲಿ ಅಂತಾನಾ? ಇವತ್ತಿಗೆ ಸಾಕು ಮಾಡು."

ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. "ಚೌಡಮ್ಮನ್ನೇ ಕೇಳಣ ಬನ್ನಿ ಅತ್ತೆ. ಬಲಕ್ಕೆ ಹೂ ಬಿದ್ರೆ ಕಳಿಸ್ತೀನಿ, ಎಡಕ್ಕೆ ಬಿದ್ರೆ ಬಿಡ್ತೀನಿ" ಎಂದುಬಿಟ್ಟೆ. ಎಡಕ್ಕೆ ಬಿದ್ದರೆ ಮಗಳ ಆ ನಗುವೂ ಹೋಯಿತಲ್ಲ ಎಂದು ಆಮೇಲೆ ಅನ್ನ ಸೇರಲಿಲ್ಲ.

ಮಂಗಳವಾರ ಗುಡಿಗೆ ಹೋದೆವು. ಪೂಜಾರಪ್ಪ ಅಮ್ಮನ ಮುಡಿಯ ಎರಡೂ ಕಡೆ ಹೂವಿಟ್ಟು, "ಅಪ್ಪಣೆ ಕೇಳೋವಾಗ ಎರಡೂ ಕೈ ಮುಗೀಬೇಕು ಕಣಮ್ಮ" ಎಂದರು. ಮಗಳಿಗೆ ಕಂಬ ಹಿಡಿಸಿ ನಿಲ್ಲಿಸಿ ಕೈ ಮುಗಿದೆ. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ಪೂಜಾರಪ್ಪ ಮಂಗಳಾರತಿ ಎತ್ತಿದರು, ಅವರ ತಮ್ಮ ನಗಾರಿ ಬಾರಿಸತೊಡಗಿದರು.

ಬೆನ್ನ ಹಿಂದೆ ಕಲ್ಲುಹಾಸಿನ ಮೇಲೆ ತಪ್ ತಪ್ ಎಂದು ಸದ್ದಾಯಿತು. ತಿರುಗಿದರೆ ಸಿಂಚನ ಕಂಬ ಬಿಟ್ಟಿದ್ದಳು. ನಗಾರಿಯ ಪೆಟ್ಟಿಗೆ ಸರಿಯಾಗಿ ಕಾಲು ಕುಟ್ಟುತ್ತ, ಓಲಾಡುತ್ತ, ನಮ್ಮ ಕಡೆಗೇ ಬರುತ್ತಿದ್ದಳು. ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು. ಬಂದವಳು ಅಜ್ಜಿಯ ಸೀರೆ ಹಿಡಿದು ನಿಂತಳು. ನಾನು ಅತ್ತುಬಿಟ್ಟೆ.

ಆಮೇಲೆ ನೋಡಿದರೆ ಎರಡೂ ಹೂ ಕೆಳಗೆ ಬಿದ್ದಿದ್ದವು.

"ಯಾವ್ದು ಮೊದ್ಲು ಬಿತ್ತು ಪೂಜಾರಪ್ಪಾ?" ಎಂದೆ.

"ನಾನೂ ಮಗೂನೇ ನೋಡ್ತಿದ್ದೆ ಕಣಮ್ಮ. ಇನ್ನೊಂದ್ಸಲ ಇಡ್ಲಾ?"

"ಬ್ಯಾಡ ಕಣಪ್ಪಾ," ಅತ್ತೆ ಮೊಮ್ಮಗಳ ತಲೆ ಸವರುತ್ತ ಹೇಳಿದರು. "ತಾಯಿ ಹೇಳಿದ್ದಾಯ್ತು. ಮತ್ತೆ ಕೇಳಿದ್ರೆ ಬೈತಾಳೆ."

ತಿಂಗಳುಗಟ್ಟಲೆಯ ಅಭ್ಯಾಸ ಕೈಹಿಡಿಯಿತು ಎಂದರು ಮೇಡಂ. ನಿಜವೇ. ಆ ಅಭ್ಯಾಸದ ಬಾಗಿಲಿಗೆ ನಮ್ಮನ್ನು ಕರೆದೊಯ್ದವಳು ಅಮ್ಮನೇ ಎಂದು ನಾನು ನಂಬಿದ್ದೇನೆ.

ಸಿಂಚನ ಈಗಲೂ ಬೀಳುತ್ತಾಳೆ, ಏಳುತ್ತಾಳೆ. ಶನಿವಾರ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುವವರು ನಮ್ಮತ್ತೆ. ಬೀರೂರು ಸ್ಟೇಷನ್ನಿನಲ್ಲಿ ಮೊಮ್ಮಗಳ ಕೈ ಹಿಡಿದು, "ಹಿಮ್ಮಡಿ ಕೆಳ್ಗೆ ಕಣೇ, ತೈಯಾ ತೈ" ಎನ್ನುತ್ತ, ಜನ ನೋಡಿದರೆ ನೋಡಲಿ ಎಂದು ತಾವೂ ಹೆಜ್ಜೆ ಹಾಕುತ್ತಾರೆ. ನಾನು ಹಿಂದೆ ಬರಿಗೈಯಲ್ಲಿ ನಡೆಯುತ್ತೇನೆ. ಇಷ್ಟು ವರ್ಷ ಮಗಳನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ನಮಸ್ಕರಿಸಿದ್ದೆ, ಚೌಡಮ್ಮ ತಾಯೀ. ಈಗ ಎರಡೂ ಕೈ ನಿನಗೇ.